ಎಣಿಸದೆ ಬಿಟ್ಟ ಹಲ್ಲು

ಅಣ್ಣಿಗೇರಿಯಲ್ಲಿ ನನ್ನದು ಪಂಪ್‌ಸೆಟ್ಟು, ಟ್ರ್ಯಾಕ್ಟರುಗಳ ಬಿಡಿಭಾಗದ ಅಂಗಡಿ. ಯಾರದೋ ಅಂಗಡಿಯಲ್ಲಿ ಗ್ರೀಸು ಒರೆಸುವ ಕೆಲಸದಿಂದ ಶುರುಮಾಡಿ ಸ್ವಂತ ಶಟರು ಎತ್ತುವ ತನಕ ಬಂದವನು ನಾನು. ಹೀಗಾಗಿ ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವ ಚಟ ಇದೆ. ಸಾಮಾನು ಕೊಳ್ಳಲು ಹೋಗುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಬಾಯಿಂದ ವರ್ಣಿಸಬೇಡಿ. "ಅದ ರೀ, ಗುಂಡಗ ಇರತೈತಲ್ರಿ" ಅಂದರೆ ಅಂಗಡಿಯವನು ತನ್ನಲ್ಲಿ ಮಾರಾಟವಾಗದೆ ಉಳಿದ ಗುಂಡನೆಯದನ್ನೇ ಕೊಟ್ಟು ಕಳಿಸುತ್ತಾನೆ. ನಾನೂ ಕಳಿಸಿದ್ದೇನೆ.

ಬೇರಿಂಗಿನ ಮಾತು ಬೇರೆ. ಅದಕ್ಕೆ ನಂಬರು ಹೇಳಿದರೆ ಸಾಕು. ೬೨೦೪ ಅಂದರೆ ನವಲಗುಂದದಲ್ಲೂ ಅದೇ, ಜಪಾನಿನಲ್ಲೂ ಅದೇ. ಒಳಗಿನ ತೂತು, ಹೊರಗಿನ ಸುತ್ತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಬೇರಿಂಗು ಮಾಡುವವರು ಎಲ್ಲೋ ಒಂದು ಕಡೆ ಕೂತು ಒಂದು ಮಾತಿಗೆ ಬಂದರಲ್ಲ, ಉಳಿದ ಸಾಮಾನು ಮಾಡುವವರೂ ಹಾಗೆಯೇ ಒಂದು ಮಾತಿಗೆ ಬಂದಿರಬೇಕು ಎಂದು ನಂಬಿಕೊಂಡಿದ್ದೆ. ಐವತ್ತು ದಾಟಿದ ಮೇಲೆ ರಿಮೋಟಿನ ಸಣ್ಣ ವಿಮಾನಗಳ ಗೀಳು ಹತ್ತಿತು ನೋಡಿ, ಆಗ ಗೊತ್ತಾಯಿತು.

ಗೀಳು ಹತ್ತಿಸಿದವನು ಒಬ್ಬ ತೊಟ್ಟಿಲು ಮಾಡುವವನು. ಮಗಳ ಚೊಚ್ಚಲ ಹೆರಿಗೆಯಾಗಿತ್ತು. ನಮ್ಮಲ್ಲಿ ಕೂಸಿನ ತೊಟ್ಟಿಲು ತವರಿನವರೇ ಕೊಡಬೇಕು, ಕೊಟ್ಟರೆ ಕಲಘಟಗಿ ಕಡೆಯ ಬಣ್ಣದ ತೊಟ್ಟಿಲನ್ನೇ ಕೊಡಬೇಕೆಂದು ನನ್ನ ಹೆಂಡತಿಯ ಹಟ. ದುಮ್ಮವಾಡದ ಹಾದಿಯಲ್ಲಿದ್ದ ಅವನ ಮನೆಗೆ ಇಬ್ಬರೂ ಹೋದೆವು. ಅಭ್ಯಾಸದಂತೆ ಅವನು ಹೇಳಿದ ಬೆಲೆಯ ಅರ್ಧಕ್ಕೆ ಕೇಳಿದೆ.

"ಅರ್ಧಕ್ಕ ಕೊಡ್ತೀನ್ರಿ," ಅಂದ, ಕೈಯೊಳಗಿನ ಉಳಿ ಕೆಳಗಿಡದೆ. "ತಲಿ ಕಡೆ ಅರ್ಧ ಬೇಕೋ, ಕಾಲ ಕಡೆ ಅರ್ಧ ಬೇಕೋ, ಹೇಳ್ರಿ."

ನಾನು ಅಷ್ಟಕ್ಕೇ ಬಿಡುವವನಲ್ಲ. "ಮೂಲ್ಯಾಗ ಹಳೇ ತೊಟ್ಟಲ ಬಿದ್ದೈತಲ್ರಿ, ಅದರ ಕಾಲು ಇದಕ್ಕ ಹಚ್ರಿ. ಬೆಲಿ ಇಳೀತೈತಿ."

"ಅದರ ಕಾಲು ಇದಕ್ಕ ಹೆಂಗ ಕೂಡತೈತ್ರಿ ಸಾವಕಾರ್ರ? ನಿಮ್ಮ ಹಲ್ಲು ಕಿತ್ತು ಅಕ್ಕಾರ ಬಾಯಾಗ ಇಟ್ರ ಕೂಡತೈತೇನು?"

ನನ್ನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಅವನು ತೊಟ್ಟಿಲು ಬಿಚ್ಚಿ ತೋರಿಸಿದ. ಒಂದೊಂದು ಸಂದಿಯಲ್ಲೂ ಉಳಿಯಿಂದ ಕೊರೆದ ಗುರುತು ಇತ್ತು. ಒಂದು ಗೀರಿನ ಗೂಟ ಒಂದು ಗೀರಿನ ತೂತಿಗೆ, ಎರಡು ಗೀರಿನದು ಎರಡು ಗೀರಿನದಕ್ಕೆ. ಬೇರೆ ಯಾವುದಕ್ಕೂ ಅದು ಹೋಗುವಂತಿಲ್ಲ. ಬಾಜುವಿನಲ್ಲಿ ಬಣ್ಣ ಹಚ್ಚದ ಇನ್ನೊಂದು ತೊಟ್ಟಿಲಿತ್ತು, ಅದರಲ್ಲಿ ಥರ್ಮಾಕೋಲಿನಂಥ ಹಗುರ ಹಲಗೆಯ ಒಂದು ವಿಮಾನ ಮಲಗಿತ್ತು. ಹುಬ್ಬಳ್ಳಿಯ ಕಾಲೇಜಿನವರು ಯಾರೋ ಮುರಿದ ರೆಕ್ಕೆ ಕೂಡಿಸಿಕೊಡಲು ತಂದವರು ಮರಳಿ ಒಯ್ಯಲು ಬಂದಿರಲಿಲ್ಲವಂತೆ. ಇವನು ಕೂಡಿಸಿ, ಹಾರಿಸಿ, ತನ್ನದೇ ಮಾಡಿಕೊಂಡಿದ್ದ. ಹಿಂದಿನ ಬಯಲಿಗೆ ಕರೆದೊಯ್ದು ನನಗೂ ಹಾರಿಸಿ ತೋರಿಸಿದ. ಆ ದಿನ ತೊಟ್ಟಿಲನ್ನು ಅವನು ಹೇಳಿದ ಬೆಲೆಗೇ ಕೊಂಡೆ. ದಾರಿಯುದ್ದಕ್ಕೂ ಹೆಂಡತಿ ನನ್ನ ಮುಖ ನೋಡುತ್ತಲೇ ಬಂದಳು.

ವರ್ಷ ತುಂಬುವುದರೊಳಗೆ ನಾವು ಒಬ್ಬರಿಗೊಬ್ಬರು ಲೇ ಅನ್ನುವ ಗೆಳೆಯರಾದೆವು. ಅವನ ಕಡೆ ಗಿಡಮರ ಜಾಸ್ತಿ, ನನ್ನ ಶಲವಡಿ ಕಡೆಯ ಹೊಲ ರೊಟ್ಟಿ ಬಡಿದ ಹಾಗೆ ಬಯಲು. ಅವನು ವಿಮಾನವನ್ನು ಧೋತರದಲ್ಲಿ ಸುತ್ತಿಕೊಂಡು ಹುಬ್ಬಳ್ಳಿಯ ತನಕ ಬಸ್ಸಿಗೆ ಬರುತ್ತಿದ್ದ, ಅಲ್ಲಿಂದ ನನ್ನ ಬೈಕಿನ ಹಿಂದೆ. ಬೀಳಿಸುವುದು, ಮುರಿಯುವುದು, ಕೂಡಿಸುವುದು. ಅವನು ಕೂಡಿಸುತ್ತಿದ್ದ, ನಾನು ಸಾಮಾನು ಹುಡುಕುತ್ತಿದ್ದೆ.

ಸಾಮಾನಿನ ಪಾಡು ಏನು ಹೇಳಲಿ. ಒಂದು ಬ್ಯಾಟರಿಯ ಪಿನ್ನು ಗುಂಡಗೆ, ಇನ್ನೊಂದರದು ಚಪ್ಪಟೆ, ಮತ್ತೊಂದರದು ಸಣ್ಣ ಸುತ್ತಿಗೆಯ ಹಾಗೆ. ಒಂದು ಕಂಪನಿಯ ರಿಮೋಟಿನ ಮಾತು ವಿಮಾನದೊಳಗೆ ಕೂಡಿಸಿದ ಇನ್ನೊಂದು ಕಂಪನಿಯ ಪೆಟ್ಟಿಗೆಗೆ ತಿಳಿಯುವುದಿಲ್ಲ. ಫ್ಯಾನಿನ ತೂತು ಮೋಟಾರಿನ ಸಲಾಕೆಗೆ ಕೂಡುವುದಿಲ್ಲ, ನಡುವೆ ಹಾಕಲು ಬಳೆ ಬೇಕು, ಆ ಬಳೆಯೂ ನಾಲ್ಕು ಅಳತೆಯದು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಮಾಲು ಡಬ್ಬಿಯಲ್ಲೇ ಉಳಿಯುತ್ತದೆ. ಈ ಗೀಳಿಗೆ ಹೊಸದಾಗಿ ಬೀಳುವವರಿಗೆ ನನ್ನ ಮಾತು: ತುಟ್ಟಿಯಾದರೂ ಆಗಲಿ, ಎಲ್ಲವನ್ನೂ ಒಂದೇ ಕಂಪನಿಯದು ತಗೊಳ್ಳಿ. ನಾನು ತಗೊಳ್ಳಲಿಲ್ಲ. ಹತ್ತು ಕಡೆಯ ಹತ್ತು ಸಾಮಾನು ಕೂಡಿಸಿ ಹಾರಿಸಿದರೆ ನನಗೆ ಗೆದ್ದಷ್ಟು ಖುಷಿ. ನಮ್ಮ ಧಂದೆಯಲ್ಲಿ ಇದಕ್ಕೆ ಪ್ಯಾಕಿಂಗ್ ಕೊಡುವುದು ಅನ್ನುತ್ತಾರೆ. ಸಡಿಲಾಯಿತೆ, ನಡುವೆ ಒಂದು ತಗಡಿನ ಚೂರು, ಒಂದು ಸುತ್ತು ನೂಲು, ರಬ್ಬರಿನ ಪಟ್ಟಿ. ರೈತ ಬಂದು, "ಇದು ಕೂಡತೈತೇನ್ರಿ?" ಅಂದರೆ ನನ್ನ ಬಾಯಿಂದ ಉತ್ತರ ತಾನಾಗಿ ಬರುತ್ತದೆ: "ಯಾಕ ಕೂಡೂದಿಲ್ರಿ? ಒಯ್ರಿ." ಪಂಪು ನಡೆಯುತ್ತದೆ. ಕೆಟ್ಟರೆ ಮತ್ತೆ ಬರುತ್ತಾನೆ. ನೆಲದ ಮೇಲಿನ ಯಂತ್ರ ಕೆಟ್ಟರೆ ನಿಲ್ಲುತ್ತದೆ, ಅಷ್ಟೇ.

ಎರಡನೆಯ ವರ್ಷ ಅವನು ಸಂಜೆಯಾದರೆ ಬೈಕಿನಿಂದ ಇಳಿಯುವಾಗ ನನ್ನ ಹೆಗಲು ಹಿಡಿಯತೊಡಗಿದ. ಹುಬ್ಬಳ್ಳಿಯ ಕಣ್ಣಿನ ಡಾಕ್ಟರರ ಹತ್ತಿರ ನಾನೇ ಕರೆದೊಯ್ದೆ. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಳಕ್ಕೆ ಒಣಗುತ್ತ ಬರುವ ರೋಗ. ನಡುವಿನದು ಕೊನೆಗೆ ಹೋಗುತ್ತದೆ. ಔಷಧವಿಲ್ಲ. ಎಷ್ಟು ದಿನ ಎಂದು ಕೇಳಿದರೆ ಡಾಕ್ಟರು, ಅವರವರ ದೇಹ ಇದ್ದ ಹಾಗೆ, ಒಂದು ವರ್ಷವೂ ಆಗಬಹುದು, ಎರಡೂ ಆಗಬಹುದು ಅಂದರು. ಹೊರಗೆ ಬಂದು ಚಹಾದಂಗಡಿಯ ಬೆಂಚಿನ ಮೇಲೆ ಕೂತೆವು. ಅವನು ಕೈಯನ್ನು ಕೊಳವೆಯ ಹಾಗೆ ಸುತ್ತಿ ಕಣ್ಣಿಗಿಟ್ಟುಕೊಂಡು ನನ್ನನ್ನು ನೋಡಿದ.

"ಹಿಂಗ ಕಾಣತಿ ನೋಡ ನೀ. ನಿನ್ನ ಹೊಟ್ಟಿ ಕಾಣೂದಿಲ್ಲ, ಅಷ್ಟ ಛಲೋ ಆತು."

ನನಗೆ ನಗು ಬರಲಿಲ್ಲ. ಆಮೇಲೆ ಅವನೇ ಹೇಳಿದ: "ದೋಸ್ತ, ಒಂದ ಕಟಗೀ ವಿಮಾನ ಮಾಡ್ತೀನಿ. ಮೂಗಿಂದ ಬಾಲದ ತನಕ ನನ್ನ ಕೈಯಾಂದು. ಅದನ್ನ ನಾನ ಹಾರಸ್ಬೇಕು, ನನ್ನ ಕಣ್ಣೀಲೆ ನೋಡ್ಬೇಕು. ಆಮ್ಯಾಲ ಕತ್ತಲಾದ್ರ ಆಗ್ಲಿ."

ಆ ಹೊತ್ತಿನಿಂದ ನಮ್ಮಿಬ್ಬರಿಗೂ ಅದೊಂದೇ ಕೆಲಸ. ಹಗುರ ಕಟ್ಟಿಗೆಯನ್ನು ದೂರದಿಂದ ತರಿಸಿದೆವು. ರೆಕ್ಕೆಯೊಳಗಿನ ಎಲುಬುಗಳನ್ನು ಅವನು ಎಲೆಯಷ್ಟು ತೆಳುವಾಗಿ ಕೊರೆದ, ಒಂದೊಂದಕ್ಕೂ ಗೀರು ಹಾಕಿ ಜೋಡಿ ಗುರುತಿಸಿದ. ರೆಕ್ಕೆ ಎತ್ತಿನ ನೊಗದಷ್ಟು ಉದ್ದ ಬಂತು, ಅದಕ್ಕೆ ತೆಳು ಬಟ್ಟೆ ಬಿಗಿದ. ಆಕಾಶದಲ್ಲಿ ತನ್ನ ಕಣ್ಣಿಗೆ ಸಿಗಲೆಂದು ಹೊಟ್ಟೆಗೆಲ್ಲ ತೊಟ್ಟಿಲಿನ ಕಡುಗೆಂಪು ಹಚ್ಚಿದ. ದಿನಗಳೆದಂತೆ ಬೆರಳಿನಿಂದ ಸವರಿ ಅಳೆಯುವುದು ಹೆಚ್ಚಾಯಿತು. ದೂರದ್ದು ನಡುಮಧ್ಯೆ ಬಂದರೆ ಬರೋಬರಿ ಕಾಣುತ್ತಿತ್ತು, ಆದರೆ ಕರಿಯದರ ಮೇಲೆ ಕರಿಯದಿದ್ದರೆ ಹತ್ತಿರ ಹಿಡಿದರೂ ಸಿಗುತ್ತಿರಲಿಲ್ಲ. ಅವನ ಹೆಂಡತಿಯನ್ನು ನಾನು ವೈನಿ ಅನ್ನುತ್ತೇನೆ. ಅವರು ಒಮ್ಮೆ ಅಡುಗೆಮನೆಯಿಂದಲೇ, "ಲಗೂನ ಹಾರಸ್ರೆಪಾ, ನನ್ನ ಮಾರಿ ನೋಡೂದ ಬಿಟ್ಟು ಅದರ ಮಾರೀನ ನೋಡ್ಕೋತ ಕುಂದರ್ತಾರು" ಅಂದರು. ದನಿ ನಗೆಯದು. ಹೊರಗೆ ಬಂದಾಗ ಕಣ್ಣು ಬೇರೆ ಇತ್ತು.

ವಿಮಾನದ ಬಾಲದಲ್ಲಿ ಮೇಲೆ ಕೆಳಗೆ ಆಡುವ ಒಂದು ಪಟ್ಟಿ ಇರುತ್ತದೆ. ಮೂಗು ಮೇಲೇಳುವುದೂ ಇಳಿಯುವುದೂ ಅದರಿಂದ: ರಿಮೋಟಿನ ಕಡ್ಡಿ ಎಳೆದರೆ ಏಳುತ್ತದೆ, ಒತ್ತಿದರೆ ಇಳಿಯುತ್ತದೆ. ಅದನ್ನು ಆಡಿಸಲು ಬೆಂಕಿಪೊಟ್ಟಣದಷ್ಟು ದೊಡ್ಡ ಮೋಟಾರಿನ ಡಬ್ಬಿ, ಸರ್ವೋ ಅನ್ನುತ್ತಾರೆ. ಡಬ್ಬಿಯ ತಲೆಯ ಮೇಲೆ ಸುತ್ತ ಹಲ್ಲಿರುವ ಗೂಟ, ಗೂಟದ ಮೇಲೆ ಕೂಡುವ ಪ್ಲಾಸ್ಟಿಕ್ಕಿನ ತೋಳು, ತೋಳಿನಿಂದ ಬಾಲದ ಪಟ್ಟಿಗೆ ತಂತಿ. ಇಷ್ಟೇ. ಆದರೆ ಗೂಟಕ್ಕೆ ಎಷ್ಟು ಹಲ್ಲು ಎಂಬುದರಲ್ಲಿ ಕಂಪನಿಗಳು ಒಂದು ಮಾತಿಗೆ ಬಂದಿಲ್ಲ. ಒಬ್ಬನದು ಇಪ್ಪತ್ಮೂರು, ಒಬ್ಬನದು ಇಪ್ಪತ್ನಾಲ್ಕು, ಒಬ್ಬನದು ಇಪ್ಪತ್ತೈದು. ನೋಡಲು ಎಲ್ಲವೂ ಒಂದೇ. ಒಂದು ಹಲ್ಲಿಗೆ ಸುಣ್ಣದ ಚುಕ್ಕೆ ಇಟ್ಟು, ಅಲ್ಲಿಂದ ಸೂಜಿಯ ಮೊನೆಯಿಂದ ಒಂದೊಂದೇ ಎಣಿಸುತ್ತ ಬರಬೇಕು. ಎರಡು ನಿಮಿಷದ ಕೆಲಸ. ನನಗೆ ಅದನ್ನು ಕಲಿಸಿದವನು ಅವನೇ.

ಕಡಲೆ ಕಿತ್ತು ಹೊಲ ಖುಲ್ಲಾ ಆದ ವಾರ. ನಾಳೆ ಬೆಳಿಗ್ಗೆ ಹಾರಿಸುವುದೆಂದು ಅವನು ವಿಮಾನ ಹೊತ್ತು ನನ್ನ ಅಂಗಡಿಗೆ ಬಂದಿದ್ದ. ಮಧ್ಯಾಹ್ನ ಸ್ಕ್ರೂಗಳನ್ನೆಲ್ಲ ಕೊನೆಯ ಸಲ ಬಿಗಿ ಮಾಡುತ್ತಿದ್ದೆ. ಬಾಲದ ಸರ್ವೋದ ತೋಳು ಟಿಕ್ಕೆಂದು ಸೀಳಿತು. ತಪ್ಪು ನನ್ನದೇ, ಟ್ರ್ಯಾಕ್ಟರಿನ ಬೋಲ್ಟು ಬಿಗಿದು ರೂಢಿಯಾದ ಕೈ.

"ಬಿಡು, ಆ ಕಂಪನಿದ ತರಸೂಣು," ಅಂದ ಅವನು. "ಬರಾಕ ಎಷ್ಟ ದಿನ?"

"ಹದಿನೈದು ದಿನಾರ ಬೇಕು. ಅಷ್ಟರಾಗ ಗಾಳಿ ಎದ್ದ ಬಿಡತೈತಿ. ಆಮ್ಯಾಲ ಮುಂಗಾರಿ." ನನ್ನ ಡಬ್ಬಿಯಲ್ಲಿ ಬೇರೆ ಬೇರೆ ಕಡೆಯ ತೋಳು ಹತ್ತಾರು ಇದ್ದವು. ಒಂದನ್ನು ಎತ್ತಿ ಗೂಟದ ಮೇಲಿಟ್ಟೆ. ಕೂತಿತು. ತುಸು ಸಡಿಲ ಅನ್ನಿಸಿತು. ಗುಳಿಗೆಯ ಪಾಕೀಟಿನ ಬೆಳ್ಳಿ ಹಾಳೆಯನ್ನು ಒಂದು ಸುತ್ತು ಸುತ್ತಿ ಒತ್ತಿದೆ. ಗಟ್ಟಿಯಾಯಿತು. ಸ್ಕ್ರೂ ಬಿಗಿದೆ. ರಿಮೋಟು ಆಡಿಸಿದರೆ ಬಾಲ ಮೇಲೆ ಕೆಳಗೆ ಚೆನ್ನಾಗಿ ಆಡಿತು.

ಅವನು ಸ್ಟೂಲಿನ ಮೇಲೆ ಕೂತಲ್ಲಿಂದಲೇ ಕೇಳಿದ: "ಹಲ್ಲು ಎಣಿಸಿದ್ಯೇನಲೇ?"

ಕರಿ ಪ್ಲಾಸ್ಟಿಕ್ಕಿನ ಮೇಲೆ ಕರಿ ಹಲ್ಲು. ಅವನಿಗೆ ಕಾಣುವಂತಿರಲಿಲ್ಲ, ಅದಕ್ಕೇ ಕೇಳಿದ್ದು. ಕಟ್ಟೆಯ ಹತ್ತಿರ ಇಬ್ಬರು ಗಿರಾಕಿಗಳು ನಿಂತಿದ್ದರು. ಅವರು ಇಲ್ಲದಿದ್ದರೂ ನಾನು ಎಣಿಸುತ್ತಿರಲಿಲ್ಲವೇನೋ. ಮೂವತ್ತು ವರ್ಷ ಸಾಮಾನು ಮುಟ್ಟಿದ ಬೆರಳಿಗೆ ತಿಳಿಯುತ್ತದೆ ಎಂಬ ಸೊಕ್ಕು.

"ಎಣಿಸೀನಿ," ಅಂದೆ.

"ಹಂಗಾರ ಆತು," ಅಂದು ಅವನು ಚಹಾ ಕುಡಿದ.

ಮರುದಿನ ಬೆಳಿಗ್ಗೆ ಗಾಳಿ ಸತ್ತ ಹಾಗಿತ್ತು. ಎರೆಮಣ್ಣಿನ ಬಿರುಕುಗಳಲ್ಲಿ ಗಾಲಿ ಸಿಗಬಾರದೆಂದು ಟ್ರ್ಯಾಕ್ಟರಿನ ಹಿಂದೆ ಕಬ್ಬಿಣದ ಕೊಳವೆ ಎಳೆದು ಒಂದು ಪಟ್ಟಿ ಹಸನು ಮಾಡಿಸಿದ್ದೆ. ಅವನು ರಿಮೋಟು ಕೊರಳಿಗೆ ಹಾಕಿಕೊಂಡು ನಿಂತ. ವಿಮಾನ ಕಣ್ಣಿನ ಕೊಳವೆಯಿಂದ ಜಾರಿದರೆ ಹೇಳಲೆಂದು ನಾನು ಅವನ ಬೆನ್ನ ಹಿಂದೆ. ವಿಮಾನ ಓಡಿತು, ಬಾಲ ಎತ್ತಿತು, ನೆಲ ಬಿಟ್ಟಿತು. ಬೂದು ಆಕಾಶದಲ್ಲಿ ಆ ಕೆಂಪು ಹೊಟ್ಟೆ.

"ಎಡಕ್ಕ, ಎಡಕ್ಕ ಐತಿ," ಅಂದೆ.

"ಬಾಯಿ ಮುಚ್ಚ ನೀ. ನನಗ ಕಾಣಾಕತ್ತೈತಿ. ಅಗದಿ ಚಂದ ಕಾಣಾಕತ್ತೈತಿ."

ಅವನ ಇಡೀ ತಲೆ ವಿಮಾನದ ಜೊತೆಗೇ ತಿರುಗುತ್ತಿತ್ತು, ಸೂರ್ಯಕಾಂತಿಯ ಹಾಗೆ. ಬಾಯಿ ಸ್ವಲ್ಪ ತೆರೆದಿತ್ತು. ಒಂದು ಸುತ್ತು ಬಂತು. ಎರಡನೆಯ ಸುತ್ತಿನಲ್ಲಿ ನಮ್ಮ ತಲೆಯ ಮೇಲೆಯೇ ತಂದು, ಎಲುಬುಗಳ ನೆರಳು ರೆಕ್ಕೆಯ ಬಟ್ಟೆಯಲ್ಲಿ ಕಾಣುವಷ್ಟು ಕೆಳಗೆ ತಂದು, ಮೇಲೆತ್ತಿದ. ಹೊಲದಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರೂ ಇಲ್ಲದಿದ್ದರೂ, "ನೋಡ್ರಿ! ನೋಡ್ರೆಲೇ!" ಎಂದು ಕೂಗಿದ. ಮೂರನೆಯ ಸುತ್ತು ಅರ್ಧವಾಗಿತ್ತು. ಜಾಲಿಗಿಡದ ಕಡೆಯಿಂದ ತಿರುಗುವಾಗ ಮೂಗು ಇಳಿಯಿತು.

"ಮ್ಯಾಲ ಎತ್ತ!" ಅಂದೆ.

"ಎಳದೀನಿ! ಬರವಲ್ದು! ಎಳದೀನಲೇ, ಬರವಲ್ದು!"

ಕಟ್ಟಿಗೆ ಮುರಿಯುವ ಸದ್ದು ದೊಡ್ಡದೇನೂ ಇರಲಿಲ್ಲ. ನಾನು ಓಡಿದೆ. ಬಿರುಕುಗಳ ಮೇಲೆ ಹೆಜ್ಜೆ ನೋಡಿ ಇಡುತ್ತ ಅವನು ಬರುವುದರೊಳಗೆ ನಾನು ತಲುಪಿದ್ದೆ. ಬಾಲ ಇಡಿಯಾಗಿತ್ತು. ಸರ್ವೋದ ಗೂಟ ಗಟ್ಟಿಯಾಗಿತ್ತು. ತೋಳು ಮಾತ್ರ ಅದರ ಮೇಲೆ ಗಿರಗಿರ ತಿರುಗುತ್ತಿತ್ತು, ಒಳಗಿನ ಹಲ್ಲು ನುಣ್ಣಗೆ ಸವೆದು. ಬೆಳ್ಳಿ ಹಾಳೆ ಹರಿದು ಹೊರಗೆ ಇಣುಕುತ್ತಿತ್ತು. ನೆಲದ ಮೇಲೆ ಗಟ್ಟಿ ಕೂತದ್ದು ಆಕಾಶದಲ್ಲಿ ಗಾಳಿಯ ಹೊರೆ ಬಿದ್ದೊಡನೆ ಜಾರಿತ್ತು. ತೋಳನ್ನು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡೆ. ಯೋಚಿಸಿ ಮಾಡಿದ್ದಲ್ಲ. ಯೋಚಿಸಿದ್ದರೂ ಅದನ್ನೇ ಮಾಡುತ್ತಿದ್ದೆ.

ಅವನು ಮೊಣಕಾಲೂರಿ ಕೂತು ಕೈಯಿಂದ ಸವರಿದ. ಮೂಗು, ಮುರಿದ ರೆಕ್ಕೆ, ಒಂದೊಂದು ಎಲುಬು. ಬೆರಳು ಸರ್ವೋದ ತನಕ ಬಂದು ನಿಂತಿತು.

"ತೋಳು ಎಲ್ಲಿ?"

"ಬಿದ್ದ ಹೊಡತಕ್ಕ ಹಾರಿ ಹೋಗಿರಬೇಕು."

ಅವನು ಕೈಗೆ ಹತ್ತಿದ ಮಣ್ಣನ್ನು ಒರೆಸಿಕೊಂಡ. ಆಮೇಲೆ ಅಂದ: "ನಾ ಎಳದೆ ಅಂತ ಅನ್ನಸ್ತಲೇ. ಎಳದಿಲ್ಲ ಕಾಣತೈತಿ. ಮೂಗು ಮ್ಯಾಲ ಐತಿ ಅಂತ ತಿಳದು ಕೆಳಗ ಒತ್ತೀನಿ. ಕಣ್ಣು ಸುಳ್ಳು ಹೇಳಿದ್ವು."

ಅಲ್ಲಿಯೇ ಹೇಳಬೇಕಿತ್ತು. ಕಿಸೆಯಲ್ಲಿ ಕೈ ಹಾಕಿದರೆ ಸಿಗುತ್ತಿತ್ತು. ನಾನು ಅಂದದ್ದು, "ಇರಲಿ ತಗೊ, ಮತ್ತೊಂದ ಮಾಡೂಣು."

"ಮಾಡಾಕೇನು, ಕೈ ಅದಾವ. ಹಾರಸವ್ರು ಯಾರು?" ಕೊರಳಿನಿಂದ ರಿಮೋಟು ತೆಗೆದು ನನ್ನ ಕೈಗೆ ಕೊಟ್ಟ. "ಇನ್ನ ಇದು ನನಗ ಬ್ಯಾಡ. ಯಾರದರ ತಲಿ ಮ್ಯಾಲ ಬೀಳಸೂದಕಿಂತ ಮುಂಚೆ ಬಿಟ್ರ ಛಲೋ."

ಎರಡು ತಿಂಗಳ ಮೇಲೆ ವೈನಿ ಫೋನು ಮಾಡಿದರು. ಡಾಕ್ಟರರ ಹತ್ತಿರ ಹೋಗಿ ಬಂದಿದ್ದರಂತೆ. "ನೋಟ ಹ್ವಾದ ಸಲ ಎಷ್ಟಿತ್ತೋ ಅಷ್ಟ ಐತಂತ್ರಿ, ಕಡಿಮಿ ಆಗಿಲ್ಲಂತ. ನೀವರ ಹೇಳ್ರಿ ಅವ್ರಿಗೆ. ಮೂಲ್ಯಾಗ ಕುಂತ ಬಿಟ್ಟಾರು. ಹೊರಗ ಬಾ ಅಂದ್ರ ಬರವಲ್ರು." ಹೇಳುತ್ತೇನೆ ವೈನಿ ಅಂದೆ. ಹೋದೆ. ಕೂತೆ. ವಿಮಾನದ ಮಾತು ತೆಗೆದರೆ, "ಕಣ್ಣಿನ ಮೋಸ ಗೊತ್ತಾದ ಮ್ಯಾಲ ಆಕಾಶ ನೋಡಾಕ ಅಂಜಿಕಿ ಬರತೈತಿ" ಅಂದ. ಅಂದವನ ಮುಂದೆ ಕೂತು ನಾನು ಚುರುಮುರಿ ತಿಂದು ಎದ್ದು ಬಂದೆ.

ನನ್ನ ಅಂಗಡಿಯಲ್ಲಿ, ಒಮ್ಮೆ ಮಾರಿದ ಮಾಲನ್ನು ಮರಳಿ ಪಡೆಯುವುದಿಲ್ಲ ಎಂದು ಬೋರ್ಡು ಬರೆಸಿ ಹಾಕಿದ್ದೇನೆ. ಸುಳ್ಳನ್ನು ಮರಳಿ ಪಡೆಯುವುದು ಅದಕ್ಕಿಂತ ಕಠಿಣ. ಈಗ ಬುದ್ಧಿ ಹೇಳಬಲ್ಲೆ: ತಪ್ಪು ಮಾಡಿದ ದಿನವೇ ಹೇಳಿಬಿಡಿ, ಆ ದಿನ ಅದು ಬೈಗುಳಕ್ಕೆ ಮುಗಿಯುತ್ತದೆ. ನಾನು ಮಾತ್ರ, ಅವನು ತಾನಾಗಿ ಮನಸ್ಸು ಬದಲಿಸಿ ಇನ್ನೊಂದು ವಿಮಾನ ಮಾಡಲಿ, ಆಗ ಹಲ್ಲು ಎಣಿಸಿ ಕೂಡಿಸುತ್ತೇನೆ, ಎಲ್ಲ ಸರಿಯಾಗುತ್ತದೆ ಎಂದು ಕಾದೆ. ಆ ಕಂಪನಿಯ ತೋಳುಗಳನ್ನೂ ಪಾಕೀಟುಗಟ್ಟಲೆ ತರಿಸಿಟ್ಟೆ. ಅವನ ಮನಸ್ಸು ಬದಲಾಗಲಿಲ್ಲ. ಒಂದು ಮಳೆಗಾಲ ಹೋಯಿತು. ಕಡಲೆ ಬಿತ್ತಿ, ಕಿತ್ತು, ಹೊಲ ಮತ್ತೆ ಖುಲ್ಲಾ ಆಯಿತು. ಆಗಲೂ ಅವನಿಗೆ ನಡುವಿನದು ಕಾಣುತ್ತಿತ್ತು. ಅದರ ಮುಂದಿನ ಮಳೆಗಾಲದಲ್ಲಿ ಆ ನಡುವಿನ ಬೆಳಕೂ ಬೇಗ ಬೇಗ ಹೋಯಿತು.

ಹೇಳಿದ್ದು ಆಮೇಲೆ. ಅವನು ಜಗುಲಿಯ ಮೇಲೆ ಕೂತು ಒಂದು ತೊಟ್ಟಿಲಿನ ಗೂಟಕ್ಕೆ ಮುಟ್ಟಿ ಮುಟ್ಟಿ ಪಾಲಿಶ್ ಕಾಗದ ತಿಕ್ಕುತ್ತಿದ್ದ. ಎಲ್ಲವನ್ನೂ ಹೇಳಿದೆ. ಗೂಟಕ್ಕೆ ಇಪ್ಪತ್ನಾಲ್ಕು ಹಲ್ಲು, ತೋಳಿಗೆ ಇಪ್ಪತ್ತೈದು; ಡಬ್ಬಿಯಲ್ಲಿ ಉಳಿದಿದ್ದ ಅದರ ಜೋಡಿಯನ್ನು ಆಮೇಲೆ ಎಣಿಸಿದ್ದೆ. ಬೆಳ್ಳಿ ಹಾಳೆ. ಕಿಸೆ. ಎಣಿಸದೆಯೇ ಎಣಿಸೀನಿ ಅಂದದ್ದು.

ತಿಕ್ಕುವುದನ್ನು ನಿಲ್ಲಿಸಿದ. "ಹಂಗಾರ ನಾ ಎಳದಿದ್ದೆ?" ಅಂದ.

"ಎಳದಿದ್ದಿ."

"ಮೂಗು ಕೆಳಗ ಇಳಿದದ್ದು ನನಗ ಕಂಡಿತ್ತು?"

"ಕಂಡಿತ್ತು. ನನಗಿಂತ ಮೊದಲ ಕಂಡಿರಬೇಕು."

"ಕಣ್ಣು ಖರೇನ ಹೇಳಿದ್ವು." ಅವನ ಮುಖದಲ್ಲಿ ಒಂದು ಕ್ಷಣ ಆ ಬೆಳಗಿನದೇ ಬಾಯಿ ತೆರೆದ ಗೆಲುವು ಬಂತು. ಬಂದಷ್ಟೇ ಬೇಗ ಇಳಿಯಿತು. ಅವನು ಲೆಕ್ಕ ಹಾಕುತ್ತಿದ್ದುದು ನನಗೆ ತಿಳಿಯಿತು. ಆ ಬೆಳಗಿನಿಂದ ಕತ್ತಲಾಗುವ ತನಕ ಎಷ್ಟು ತಿಂಗಳು, ಎಷ್ಟು ಗಾಳಿಯಿಲ್ಲದ ಬೆಳಗುಗಳು.

"ಮೂರನೇ ಸುತ್ತು ಎಷ್ಟಾಗಿತ್ತು?"

"ಅರ್ಧ."

"ಎರಡೂವರಿ ಸುತ್ತು ನಂದು," ಅಂದ. "ಉಳದದ್ದು ನೀ ಒಯ್ದಿ."

ನಾನು ಅವನ ಮೊಣಕಾಲು ಹಿಡಿದೆ. ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಒಳಗಿನಿಂದ ವೈನಿ ಚಹಾ ತಂದಿಟ್ಟರು. ಅವನು ಕಪ್ಪನ್ನು ಕೈಯಿಂದ ಹುಡುಕಿ ಎತ್ತಿಕೊಂಡು, "ಕತ್ತಲಾಗೂದರಾಗ ಹೋಗ್ರಿ, ರಸ್ತಾ ಛಲೋ ಇಲ್ಲ," ಅಂದ. ಬೇರೆ ಯಾರಾದರೂ ಬಂದಿದ್ದಾರೇನೋ ಎಂದು ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ, ವೈನಿಯೂ ಆಗಲೇ ಒಳಗೆ ಹೋಗಿದ್ದರು. ಆ 'ರಿ' ನನಗೇ.

ಈಗಲೂ ವಾರಕ್ಕೊಮ್ಮೆ ಫೋನು ಮಾಡುತ್ತೇನೆ. ವೈನಿ ಹಿಡಿದು ಅವನ ಕೈಗೆ ಕೊಡುತ್ತಾರೆ. ಅವನು ತಪ್ಪದೆ ಮಾತಾಡುತ್ತಾನೆ. ನಾನು ಲೇ ಅನ್ನುತ್ತೇನೆ, ದೋಸ್ತ ಅನ್ನುತ್ತೇನೆ, ಬೈದಾದರೂ ಬೈ ಅನ್ನುತ್ತೇನೆ.

"ಆರಾಮ ಅದೀರೇನ್ರಿ? ನಿಮ್ಮ ಕಡೆ ಮಳಿ ಹೆಂಗೈತ್ರಿ?" ಎಂದು ಕೇಳುತ್ತಾನೆ.